ಮನೆಯಲ್ಲಿ ಮಾಡಿದ ಯಂತ್ರಕ್ಕೆ ಅಕ್ಷರದ ಮುಖಫಲಕ

ನಮ್ಮ ವಾಚನಾಲಯದ ಕಪಾಟಿನ ಮೇಲೆ ಬಹಳ ವರ್ಷಗಳಿಂದ ಒಂದು ಆಂಪ್ಲಿಫಯರ್ ಇದೆ. ಸಂಘದ ಹಿರಿಯ ಸದಸ್ಯರೊಬ್ಬರು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ಕೊಂಡುತಂದು, ಭಾನುವಾರಗಳಂದು ಕುಳಿತು, ಕೈಯಾರೆ ಕಟ್ಟಿಕೊಟ್ಟದ್ದು ಅದು. ಅದರ ಮುಖದ ಮೇಲೆ ಐದು ನಾಬುಗಳು, ಎರಡು ಸ್ವಿಚ್ಚುಗಳು, ಮೂರು ಸಾಕೆಟ್ಟುಗಳು. ಅಕ್ಷರವೆಂಬುದು ಮಾತ್ರ ಒಂದೂ ಇರಲಿಲ್ಲ. ಕೇಳಿದರೆ ಅವರು, “ಯಾವುದು ಏನೆಂದು ನನಗೆ ಗೊತ್ತಿದೆಯಲ್ಲ, ಬರೆದು ಯಾರಿಗೆ ತೋರಿಸಬೇಕು?” ಎಂದು ನಗುತ್ತಿದ್ದರು. ಪ್ರತಿ ಸಮಾರಂಭದಲ್ಲಿಯೂ ಅವರೇ ಅದರ ಪಕ್ಕದಲ್ಲಿ ಕುಳಿತಿರುತ್ತಿದ್ದುದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅವರು ತೀರಿಕೊಂಡ ಮೇಲೆ ಬಂದ ಮೊದಲ ರಾಜ್ಯೋತ್ಸವದಂದು ಆ ತೊಂದರೆ ತಿಳಿದುಬಂತು. ಭಾಷಣಕಾರರ ದನಿಯನ್ನು ಏರಿಸಲು ಹೋಗಿ ಒಬ್ಬರು ಯಾವುದೋ ನಾಬನ್ನು ತಿರುವಿದರು. ಸ್ಪೀಕರು ಕಿವಿ ಕಿವುಡಾಗುವಂತೆ ಕಿರುಚಿತು. ಮತ್ತೊಬ್ಬರು ಇನ್ನೊಂದನ್ನು ತಿರುವಿದರು, ಸದ್ದೇ ಅಡಗಿತು. ಕೊನೆಗೆ ಭಾಷಣ ಮೈಕಿಲ್ಲದೆಯೇ ನಡೆಯಿತು. ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ವೃದ್ಧರು ಏನೂ ಕೇಳಿಸದೆ ಮನೆಗೆ ಮರಳಿದರು. ಯಂತ್ರ ಕೆಟ್ಟಿದೆ, ಗುಜರಿಗೆ ಹಾಕಿಬಿಡೋಣವೆಂದು ಸಮಿತಿಯಲ್ಲಿ ಮಾತಾಯಿತು. ಒಮ್ಮೆ ನೋಡುತ್ತೇನೆಂದು ಹೇಳಿ ನಾನು ಅದನ್ನು ಮನೆಗೆ ಒಯ್ದೆ. ಒಳಗೆ ಒಂದು ಭಾಗವೂ ಕೆಟ್ಟಿರಲಿಲ್ಲ. ತಂತಿಗಳ ಜಾಡು ಹಿಡಿದು, ಯಾವ ನಾಬು ಯಾವ ಕೆಲಸದ್ದೆಂದು ಗೊತ್ತುಮಾಡುವುದಕ್ಕೆ ಮೂರು ಭಾನುವಾರಗಳು ಹಿಡಿದವು. ಗೊತ್ತಾದುದನ್ನು ಅದರ ಮುಖದ ಮೇಲೆ ಬರೆಯುವುದಕ್ಕೆ ಒಂದೇ ದಿನ ಸಾಕಾಯಿತು. ಆ ಒಂದು ದಿನದ ಕೆಲಸವನ್ನು ಕುರಿತದ್ದೇ ಈ ಲೇಖನ.

ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆಯಿದ್ದಂತೆ ಚೆನ್ನೈಗೆ ರಿಚಿ ಸ್ಟ್ರೀಟ್, ದೆಹಲಿಗೆ ಲಾಜಪತರಾಯ್ ಮಾರುಕಟ್ಟೆ, ಬೆಂಗಳೂರಿಗೆ ಎಸ್. ಪಿ. ರಸ್ತೆ ಇವೆ. ಅಲ್ಲಿಂದ ಬಿಡಿಭಾಗ ತಂದು ರೇಡಿಯೋ, ಆಂಪ್ಲಿಫಯರ್, ಪವರ್ ಸಪ್ಲೈಗಳನ್ನು ಮನೆಯಲ್ಲಿಯೇ ಬೆಸೆದು ಕಟ್ಟುವ ಹವ್ಯಾಸಿಗಳು ನಮ್ಮವರಲ್ಲಿ ಇಂದಿಗೂ ಇದ್ದಾರೆ. ಒಳಗಿನ ಬೆಸುಗೆಯಲ್ಲಿ ಅವರು ತೋರುವ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲನ್ನು ಹೊರಗಿನ ಫಲಕಕ್ಕೆ ಕೊಟ್ಟರೂ ಸಾಕು. ಫಲಕದ ಅಕ್ಷರ ಅಲಂಕಾರವಲ್ಲ. ಕಟ್ಟಿದವನು ಎದುರಿಗಿಲ್ಲದಾಗ ಯಂತ್ರವನ್ನು ಮುಟ್ಟುವವನಿಗೆ ಬಿಟ್ಟುಹೋದ ಮಾತು ಅದು.

ಹಿಂದೆ ಹೇಗೆ ಮಾಡುತ್ತಿದ್ದರು

೧೯೬೦ರ ದಶಕದಿಂದ ಮುಂದೆ ಹವ್ಯಾಸಿಗಳಿಗೆ ಎರಡು ಸಾಧನಗಳು ದೊರೆತವು. ಒಂದು ಲೆಟ್ರಾಸೆಟ್ ಹಾಳೆ: ಅದರ ಮೇಲಿನ ಅಕ್ಷರವನ್ನು ಪೆನ್ಸಿಲಿನಿಂದ ಉಜ್ಜಿದರೆ ಅದು ಹಾಳೆಯನ್ನು ಬಿಟ್ಟು ತಗಡಿಗೆ ಅಂಟುತ್ತಿತ್ತು. ಇನ್ನೊಂದು ಡೈಮೊ ಯಂತ್ರ: ಪ್ಲಾಸ್ಟಿಕ್ ಪಟ್ಟಿಯನ್ನು ಒತ್ತಿ ಉಬ್ಬು ಅಕ್ಷರ ಮೂಡಿಸುತ್ತಿತ್ತು. ನನ್ನ ಕೈಗೆ ಬಂದ ಹಾಳೆಗಳಲ್ಲಿಯೂ ಯಂತ್ರಗಳಲ್ಲಿಯೂ ಇದ್ದುದು ರೋಮನ್ ಅಕ್ಷರಗಳೇ. ಕನ್ನಡದಲ್ಲಿ ಬರೆಯಬೇಕೆಂದರೆ ಸಣ್ಣ ಕುಂಚವನ್ನೋ ಇಂಡಿಯನ್ ಇಂಕನ್ನೋ ಹಿಡಿದು ಕೈಯಿಂದಲೇ ಬರೆಯಬೇಕಿತ್ತು. ಕೈ ಒಂದಿಷ್ಟು ನಡುಗಿದರೆ ಕೆಲಸ ಕೆಡುತ್ತಿತ್ತು. ಈಗ ಆ ಕಷ್ಟವಿಲ್ಲ. ಗಣಕಯಂತ್ರದಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳೂ ಯೂನಿಕೋಡ್ ಅಕ್ಷರಗಳೂ ಇವೆ; ಬೀದಿಗೊಂದು ಜೆರಾಕ್ಸ್ ಅಂಗಡಿಯಿದೆ. ಬೇಕಾದುದು ಸ್ವಲ್ಪ ಅಳತೆ, ಸ್ವಲ್ಪ ತಾಳ್ಮೆ.

ಮೊದಲು ಕಾಗದದ ಮೇಲೆ

ಹೊಸದಾಗಿ ಕಟ್ಟುವವರು ಪೆಟ್ಟಿಗೆಗೆ ರಂಧ್ರ ಕೊರೆಯುವ ಮೊದಲೇ ಫಲಕವನ್ನು ಚೌಕಳಿ ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬರೆದುಕೊಳ್ಳತಕ್ಕದ್ದು. ಕೊರೆದ ಮೇಲೆ ಅಕ್ಷರಕ್ಕೆ ಜಾಗ ಹುಡುಕುವುದು, ಮನೆ ಕಟ್ಟಿದ ಮೇಲೆ ಬಾಗಿಲಿಗೆ ಜಾಗ ಹುಡುಕಿದಂತೆ.

ಕಾಗದದ ಮೇಲೆ ಪ್ರತಿ ನಾಬಿನ ಕೇಂದ್ರವನ್ನು ಗುರುತಿಸಿ. ಅನಂತರ ನಾಬಿನ ಪೂರ್ಣ ಸುತ್ತನ್ನು ಕೈವಾರದಿಂದ ಎಳೆಯಿರಿ. ಇದನ್ನು ಮರೆಯುವವರೇ ಹೆಚ್ಚು. ರಂಧ್ರ ೭ ಮಿಲಿಮೀಟರಿನದಾದರೂ ನಾಬು ೨೦ ಅಥವಾ ೨೫ ಮಿಲಿಮೀಟರ್ ಅಗಲವಿರುತ್ತದೆ. ರಂಧ್ರಕ್ಕೆ ಹತ್ತಿರ ಬರೆದ ಅಕ್ಷರ ನಾಬಿನ ಅಡಿಗೆ ಹೋಗಿಬಿಡುತ್ತದೆ. ಎರಡು ನಾಬುಗಳ ಕೇಂದ್ರಗಳ ನಡುವೆ ೪೦ ಮಿಲಿಮೀಟರಾದರೂ ಇದ್ದರೆ ಬೆರಳಿಗೂ ಅಕ್ಷರಕ್ಕೂ ಸ್ಥಳ ಸಿಗುತ್ತದೆ. ಹೆಸರನ್ನು ನಾಬಿನ ಮೇಲ್ಭಾಗದಲ್ಲಿ ಬರೆಯುವುದು ಒಳ್ಳೆಯದು. ಕೆಳಗೆ ಬರೆದರೆ ತಿರುಗಿಸುವ ಕೈಯೇ ಅದನ್ನು ಮರೆಮಾಡುತ್ತದೆ.

ನನ್ನ ಕೈಗೆ ಬಂದಂತೆ ರಂಧ್ರಗಳು ಆಗಲೇ ಇರುವ ಹಳೆಯ ಯಂತ್ರವಾದರೆ, ನಾಬುಗಳನ್ನೂ ನಟ್ಟುಗಳನ್ನೂ ಬಿಚ್ಚಿ, ತಗಡಿನ ಮೇಲೆ ತೆಳುವಾದ ಕಾಗದವನ್ನು ಬಿಗಿಯಾಗಿ ಹರಡಿ, ಪೆನ್ಸಿಲನ್ನು ಅಡ್ಡಲಾಗಿ ಹಿಡಿದು ಉಜ್ಜಿರಿ. ಮಕ್ಕಳು ನಾಣ್ಯದ ಚಿತ್ರ ತೆಗೆಯುವ ರೀತಿ ಇದೇ. ರಂಧ್ರಗಳ ಅಂಚುಗಳೆಲ್ಲ ಕಾಗದದ ಮೇಲೆ ಸ್ಪಷ್ಟವಾಗಿ ಮೂಡುತ್ತವೆ.

ನಾಬಿನ ಸುತ್ತ ೦ಯಿಂದ ೧೦ರವರೆಗೆ ಅಂಕಿ ಬರೆಯುವುದಕ್ಕೆ ಒಂದು ಸುಲಭೋಪಾಯವಿದೆ. ನಾಬಿನ ಹಿಂದಿರುವ ಪೊಟೆನ್ಶಿಯೋಮೀಟರು ಪೂರ್ತಿ ಸುತ್ತುವುದಿಲ್ಲ. ಸಾಮಾನ್ಯವಾಗಿ ೨೭೦ರಿಂದ ೩೦೦ ಡಿಗ್ರಿಯಷ್ಟು ಮಾತ್ರ ತಿರುಗುತ್ತದೆ. ೩೦೦ ಡಿಗ್ರಿಯದಾದರೆ ಹತ್ತು ಪಾಲಿಗೆ ಒಂದೊಂದು ಪಾಲು ೩೦ ಡಿಗ್ರಿ. ಗಡಿಯಾರದ ಎರಡು ಗಂಟೆಗಳ ನಡುವಿನ ಅಂತರವೂ ೩೦ ಡಿಗ್ರಿಯೇ. ಆದುದರಿಂದ ಗಡಿಯಾರದ ಮುಖವನ್ನು ನೆನೆದುಕೊಂಡು, ಏಳು ಗಂಟೆಯ ಸ್ಥಾನದಲ್ಲಿ ೦, ಹನ್ನೆರಡರಲ್ಲಿ ೫, ಐದು ಗಂಟೆಯ ಸ್ಥಾನದಲ್ಲಿ ೧೦ ಎಂದು ಬರೆದರೆ ಲೆಕ್ಕ ಸರಿಹೋಗುತ್ತದೆ. ನಿಮ್ಮದು ಎಷ್ಟು ತಿರುಗುತ್ತದೆಂಬುದನ್ನು ಕೋನಮಾಪಕದಿಂದ ಮೊದಲು ಅಳೆದುಕೊಳ್ಳಿ.

ಪವರ್ ಸಪ್ಲೈಗೆ ಈ ಸಮಭಾಗದ ಅಂಕಿಗಳು ಸಾಲವು. ಎಲ್‌ಎಂ ೩೧೭ ಎಂಬ ಬಿಡಿಭಾಗವನ್ನು ೨೪೦ ಓಮಿನ ಒಂದು ರೆಸಿಸ್ಟರು ಮತ್ತು ೫೦೦೦ ಓಮಿನ ಪೊಟೆನ್ಶಿಯೋಮೀಟರಿನೊಡನೆ ಜೋಡಿಸಿದರೆ, ಒಳಬರುವ ವೋಲ್ಟೇಜು ಸಾಕಷ್ಟಿರುವಾಗ, ಲೆಕ್ಕದ ಪ್ರಕಾರ ೧.೨೫ರಿಂದ ೨೭ ವೋಲ್ಟಿನವರೆಗೆ ದೊರೆಯಬೇಕು. ಆದರೆ ಅಗ್ಗದ ಪೊಟೆನ್ಶಿಯೋಮೀಟರಿನ ಮೇಲೆ ಬರೆದ ಬೆಲೆಗೂ ನಿಜವಾದ ಬೆಲೆಗೂ ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸವಿರಬಹುದು. ಆದಕಾರಣ ಲೆಕ್ಕವನ್ನು ನಂಬದೆ, ಮಲ್ಟಿಮೀಟರನ್ನು ಜೋಡಿಸಿಟ್ಟು, ೫, ೯, ೧೨ ವೋಲ್ಟು ಬಂದಾಗ ನಾಬಿನ ಗೆರೆ ಎಲ್ಲಿ ನಿಂತಿತೋ ಅಲ್ಲಿಯೇ ಗುರುತು ಮಾಡಿರಿ. ೫ ವೋಲ್ಟಿನ ಉಪಕರಣಕ್ಕೆ ೧೨ ವೋಲ್ಟು ಹರಿದರೆ ಅದು ಸುಟ್ಟುಹೋಗಲು ಕ್ಷಣ ಸಾಕು.

ಕನ್ನಡ ಅಕ್ಷರಕ್ಕೆ ಬೇಕಾದ ಜಾಗ

ಇಂಗ್ಲಿಷಿನ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರದವು. ಕನ್ನಡ ಹಾಗಲ್ಲ. ‘ಧ್ವನಿ’ ಎಂಬ ಎರಡಕ್ಷರದ ಪದವನ್ನೇ ನೋಡಿ: ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ತೋಳಿನಷ್ಟು ದೂರದಿಂದ, ಅಂದರೆ ಸುಮಾರು ೬೦ ಸೆಂಟಿಮೀಟರಿನಿಂದ ಓದಲು ಅಕ್ಷರದ ಮೈ ೩ ಮಿಲಿಮೀಟರ್ ಎತ್ತರವಿರಬೇಕು. ನೋಡುವ ದೂರವನ್ನು ೨೦೦ರಿಂದ ಭಾಗಿಸಿದರೆ ಈ ಎತ್ತರ ಸಿಗುತ್ತದೆ. ಆದರೆ ಗುಡಿಸು, ಒತ್ತುಗಳನ್ನು ಸೇರಿಸಿ ಕನ್ನಡದ ಸಾಲಿಗೆ ೬ರಿಂದ ೭ ಮಿಲಿಮೀಟರ್ ಜಾಗ ಬಿಡಬೇಕಾಗುತ್ತದೆ. ವಯಸ್ಸಾದವರು ಬಳಸುವ ಯಂತ್ರವಾದರೆ ಇನ್ನೂ ಒಂದಿಷ್ಟು ಹೆಚ್ಚಿಸಿರಿ. ಒಂದೊಂದು ಮಾದರಿಯ ಅಕ್ಷರ ಒಂದೊಂದು ಗಾತ್ರದಲ್ಲಿ ಅಚ್ಚಾಗುವುದರಿಂದ, ಗಣಕಯಂತ್ರ ತೋರಿಸುವ ಅಂಕಿಯನ್ನು ನಂಬದೆ, ಅಚ್ಚಾದ ಕಾಗದವನ್ನು ಅಳತೆಪಟ್ಟಿಯಿಂದ ಅಳೆಯುವುದೇ ಸರಿ. ಅಕ್ಷರ ದಪ್ಪವಾಗಿರಲಿ, ತೆಳ್ಳಗಿದ್ದರೆ ಮೊದಲು ಅಳಿಸಿಹೋಗುವುದು ಒತ್ತಕ್ಷರಗಳೇ.

ಪದಗಳ ಆಯ್ಕೆಯೂ ಮುಖ್ಯ. ನಿಘಂಟಿನಿಂದ ಹುಡುಕಿ ತೆಗೆದ ಪದವನ್ನು ಬರೆದರೆ ಓದಲು ಬಂದರೂ ಅರ್ಥವಾಗುವುದಿಲ್ಲ. ನಮ್ಮ ಆಂಪ್ಲಿಫಯರಿಗೆ ನಾನು ಬರೆದದ್ದು: ‘ಮೈಕ್ ೧’, ‘ಮೈಕ್ ೨’, ‘ಮೊಬೈಲ್ ಹಾಡು’, ‘ಮಂದ್ರ’, ‘ತಾರ’. ಕೊನೆಯ ಎರಡು ಪದಗಳು ಸಂಗೀತ ಕೇಳುವ ನಮ್ಮವರಿಗೆ ಹೊಸವಲ್ಲ. ಬೇಸ್, ಟ್ರೆಬಲ್ ಎಂದರೆ ತಬ್ಬಿಬ್ಬಾಗುವ ಹಿರಿಯರು ಅವನ್ನು ನೋಡಿದೊಡನೆ ತಲೆಯಾಡಿಸಿದರು. ಒಂದೊಂದು ಸಾಕೆಟ್ಟಿನಿಂದ ಅದರದೇ ನಾಬಿನವರೆಗೆ ಒಂದು ಗೆರೆಯನ್ನು ಎಳೆದೆ. ಯಾವ ಮೈಕು ಯಾವ ನಾಬಿನದೆಂಬ ಪ್ರಶ್ನೆ ಆ ಗೆರೆಯಿಂದಲೇ ಬಗೆಹರಿಯಿತು.

ಸ್ವಿಚ್ಚಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಮ್ಮ ದೇಶದಲ್ಲಿ ಗೋಡೆಯ ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ದೀಪ ಹೊತ್ತುತ್ತದೆ; ಅಮೆರಿಕದಲ್ಲಿ ಮೇಲಕ್ಕೆ ಎತ್ತಿದರೆ ಹೊತ್ತುತ್ತದೆ. ಮನೆಯಲ್ಲಿ ಮಾಡಿದ ಪೆಟ್ಟಿಗೆಯಲ್ಲಿ ಕಟ್ಟಿದವನು ಹೇಗೆ ಕೂಡಿಸಿದನೋ ಹಾಗೆ. ಅಲ್ಲದೆ ಟಾಗಲ್ ಸ್ವಿಚ್ಚಿನ ಕಡ್ಡಿ ಮೇಲಿದ್ದಾಗ ಒಳಗೆ ಕೂಡುವುದು ಸಾಮಾನ್ಯವಾಗಿ ಕೆಳಗಿನ ತುದಿ. ಆದುದರಿಂದ ಮೀಟರಿನಿಂದ ಪರೀಕ್ಷಿಸಿದ ಮೇಲೆಯೇ ಹೆಸರು ಬರೆಯಿರಿ. ಎರಡು ಸ್ಥಾನಗಳಿಗೂ ಗುರುತು ಇರಲಿ. ಕನ್ನಡ ಓದಲು ಬಾರದವರೂ ಮುಟ್ಟುವ ಯಂತ್ರವಾದರೆ, ಎಲ್ಲ ದೇಶಗಳಲ್ಲಿ ರೂಢಿಯಲ್ಲಿರುವ ಚಿಹ್ನೆಗಳನ್ನೂ ಸೇರಿಸಬಹುದು: ಹೊತ್ತಿಸುವುದಕ್ಕೆ ಒಂದು ನಿಲುಗೆರೆ, ಆರಿಸುವುದಕ್ಕೆ ಒಂದು ಸೊನ್ನೆ.

ಕೊರೆಯುವ ಕೆಲಸ

ಫಲಕಕ್ಕೆ ೧೬ ಗೇಜಿನ, ಅಂದರೆ ಸುಮಾರು ೧.೬ ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡು ಅನುಕೂಲ. ಬರೆದ ಕಾಗದದ ಒಂದು ಪ್ರತಿಯನ್ನು ತಗಡಿಗೆ ಅಂಟಿಸಿ, ಪ್ರತಿ ಕೇಂದ್ರದಲ್ಲಿ ಚೂಪು ಮೊಳೆಯಿಂದ ಕುಟ್ಟಿ ಗುರುತು ಮಾಡಿ. ಮೊದಲು ೩ ಮಿಲಿಮೀಟರಿನ ರಂಧ್ರ, ಅನಂತರ ಅದನ್ನು ಹಂತಹಂತವಾಗಿ ದೊಡ್ಡದು ಮಾಡುವುದು. ಕೊನೆಯ ಅಳತೆಯನ್ನು ದುಂಡು ಅರದಿಂದ ಸರಿಪಡಿಸಬಹುದು. ತಗಡನ್ನು ಹಲಗೆಯ ಮೇಲಿಟ್ಟು ಕ್ಲ್ಯಾಂಪಿನಿಂದ ಬಿಗಿದ ಹೊರತು ಡ್ರಿಲ್ಲನ್ನು ಮುಟ್ಟಬೇಡಿ. ಕೈಯಲ್ಲಿ ಹಿಡಿದ ತಗಡು ಡ್ರಿಲ್ಲಿಗೆ ಸಿಕ್ಕಿ ಗಿರ್ರನೆ ತಿರುಗಿದರೆ ಬೆರಳು ಕತ್ತರಿಸುತ್ತದೆ. ಕಣ್ಣಿಗೆ ಕನ್ನಡಕವೂ ಇರಲಿ.

ಅಕ್ಷರ ಕೂಡಿಸುವ ಮೂರು ವಿಧಾನಗಳು

ಯಾವ ವಿಧಾನಕ್ಕಾದರೂ ಮುಂಚೆ ಒಂದು ಮಾತು. ಚಿತ್ರದ ಮೂಲೆಯಲ್ಲಿ ೧೦೦ ಮಿಲಿಮೀಟರಿನ ಒಂದು ಗೆರೆ ಎಳೆದಿರಲಿ. ಹಾಳೆಗೆ ಹೊಂದಿಸುವ ನೆಪದಲ್ಲಿ ಪ್ರಿಂಟರು ಚಿತ್ರವನ್ನು ಗೊತ್ತಾಗದಂತೆ ಕುಗ್ಗಿಸುವುದುಂಟು. ಅಚ್ಚಾದ ಗೆರೆಯನ್ನು ಅಳೆದು ೧೦೦ ಇದ್ದರೆ ಮಾತ್ರ ಮುಂದುವರಿಯಿರಿ. ಇಲ್ಲವಾದರೆ ಅಳತೆಯನ್ನು ನೂರಕ್ಕೆ ನೂರು ಎಂದು ನಿಗದಿ ಮಾಡಿ ಮತ್ತೆ ಅಚ್ಚುಹಾಕಿರಿ.

ಮೊದಲನೆಯದು, ಅಕ್ರಿಲಿಕ್ಕಿನ ಅಡಿಯಲ್ಲಿ ಕಾಗದ. ಮೊದಲ ಬಾರಿಗೆ ಮಾಡುವವರಿಗೆ ಇದೇ ಯೋಗ್ಯ. ನಮ್ಮ ವಾಚನಾಲಯದ ಯಂತ್ರಕ್ಕೂ ಇದನ್ನೇ ಮಾಡಿದ್ದೇನೆ. ದಪ್ಪ ಕಾಗದದ ಮೇಲೆ ಅಚ್ಚುಹಾಕಿ, ರಂಧ್ರಗಳನ್ನು ಚೂಪಾದ ಬ್ಲೇಡಿನಿಂದ ಕತ್ತರಿಸಿ, ತಗಡಿನ ಮೇಲಿಟ್ಟು, ಅದರ ಮೇಲೆ ೨ ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಕೂಡಿಸುವುದು. ಪೊಟೆನ್ಶಿಯೋಮೀಟರಿನ ನಟ್ಟುಗಳೇ ಮೂರನ್ನೂ ಹಿಡಿದಿಡುತ್ತವೆ, ಅಂಟು ಬೇಡ. ನಾಳೆ ಹೆಸರು ಬದಲಾದರೆ ಕಾಗದವನ್ನಷ್ಟೇ ಬದಲಿಸಬಹುದು. ಅಕ್ರಿಲಿಕ್ಕನ್ನು ಕೊರೆಯುವಾಗ ಅದರ ರಕ್ಷಣಾ ಕಾಗದವನ್ನು ಕೀಳದೆ, ಡ್ರಿಲ್ಲನ್ನು ನಿಧಾನವಾಗಿ ಓಡಿಸಬೇಕು. ಅವಸರ ಮಾಡಿದರೆ ಸೀಳು ಬಿಡುತ್ತದೆ. ತಗಡು ಮತ್ತು ಅಕ್ರಿಲಿಕ್ ಸೇರಿ ಮೂರೂವರೆ ಮಿಲಿಮೀಟರಿಗೂ ಹೆಚ್ಚಾಗುವುದರಿಂದ, ನಟ್ಟು ಕೂರಲು ಥ್ರೆಡ್ಡು ಸಾಕಷ್ಟು ಉದ್ದವಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎರಡನೆಯದು, ತಿರುವುಮುರುವಾಗಿ ಅಚ್ಚಾದ ಪಾರದರ್ಶಕ ಹಾಳೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಟ್ರಾನ್ಸ್‌ಪರೆನ್ಸಿ ಹಾಳೆಯ ಮೇಲೆ ಅಚ್ಚುಹಾಕಿಸಿ, ಅಚ್ಚಾದ ಬದಿ ತಗಡಿನ ಕಡೆಗೆ ಬರುವಂತೆ ಅಂಟಿಸುವುದು. ಮುಂದಿನಿಂದ ನೋಡಿದಾಗ ಅಕ್ಷರ ನೇರವಾಗಿ ಕಾಣುತ್ತದೆ. ಬೆರಳು ಎಷ್ಟು ಉಜ್ಜಿದರೂ ಅಕ್ಷರಕ್ಕೆ ತಾಗುವುದಿಲ್ಲ. ಅಚ್ಚಾದ ಬದಿಗೆ ಬಿಳಿಯ ಅಥವಾ ಬೆಳ್ಳಿಯ ಸ್ಪ್ರೇ ಬಣ್ಣವನ್ನು ತೆಳುವಾಗಿ ಹೊಡೆದರೆ ಫಲಕಕ್ಕೆ ಅದೇ ಹಿನ್ನೆಲೆಯಾಗುತ್ತದೆ. ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ. ಲೇಸರ್ ಯಂತ್ರಕ್ಕೆ ಬಿಸಿ ತಡೆಯುವ ಹಾಳೆಯನ್ನೇ ಹಾಕಿಸಿ; ಸಾಧಾರಣ ಪ್ಲಾಸ್ಟಿಕ್ ಒಳಗೆ ಕರಗಿ ಯಂತ್ರವನ್ನೇ ಕೆಡಿಸೀತು.

ಮೂರನೆಯದು, ಇಸ್ತ್ರಿ ಪೆಟ್ಟಿಗೆಯ ವಿಧಾನ. ಲೇಸರ್ ಪ್ರಿಂಟರು ಮತ್ತು ಜೆರಾಕ್ಸ್ ಯಂತ್ರಗಳ ಟೋನರು ದ್ರವರೂಪದ ಮಸಿಯಲ್ಲ. ಬಣ್ಣ ಬೆರೆತ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಯಂತ್ರವು ಅದನ್ನು ಬಿಸಿ ಉರುಳೆಗಳ ನಡುವೆ ಕರಗಿಸಿ ಕಾಗದಕ್ಕೆ ಅಂಟಿಸಿರುತ್ತದೆ. ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ನುಣುಪು ಕಾಗದದ ಮೇಲೆ ಚಿತ್ರವನ್ನು ತಿರುವುಮುರುವಾಗಿ ಅಚ್ಚುಹಾಕಿಸಿ. ತಗಡನ್ನು ನಯವಾದ ಎಮರಿ ಕಾಗದದಿಂದ ಒಂದೇ ದಿಕ್ಕಿಗೆ ಉಜ್ಜಿ, ಅಸಿಟೋನಿನಿಂದ ಜಿಡ್ಡು ತೆಗೆಯಿರಿ. ಅಸಿಟೋನು ಬೇಗ ಬೆಂಕಿ ಹಿಡಿಯುವ ವಸ್ತು. ಕಿಟಕಿ ತೆರೆದಿಟ್ಟು, ತಗಡು ಪೂರ್ತಿ ಆರಿದ ಮೇಲೆ, ಸೀಸೆಯನ್ನು ದೂರವಿಟ್ಟು, ಆಮೇಲೆ ಇಸ್ತ್ರಿಯನ್ನು ಹಚ್ಚಿರಿ. ಕಾಗದವನ್ನು ಮೊಗವಡಿಯಾಗಿಟ್ಟು ಮೂರರಿಂದ ಐದು ನಿಮಿಷ ಒತ್ತಿ, ಆರಿದ ಮೇಲೆ ನೀರಿನಲ್ಲಿ ನೆನೆಹಾಕಿ, ಕಾಗದವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ತೆಗೆದರೆ ಕಪ್ಪು ಅಕ್ಷರ ತಗಡಿನ ಮೇಲೆಯೇ ನಿಲ್ಲುತ್ತದೆ. ಮೇಲೆ ತೆಳುವಾದ ವಾರ್ನಿಷು ಹೊಡೆದರೆ ಬಾಳಿಕೆ ಹೆಚ್ಚು. ಎಲ್ಲಾದರೂ ಅಕ್ಷರ ಹರಿದರೆ ಅಸಿಟೋನಿನಿಂದ ಒರೆಸಿ ಮತ್ತೆ ಮಾಡಬಹುದು, ತಗಡಿಗೆ ನಷ್ಟವಿಲ್ಲ. ಇಂಕ್‌ಜೆಟ್ ಪ್ರಿಂಟರಿನ ಅಚ್ಚಿನಿಂದ ಈ ಕೆಲಸ ಆಗುವುದಿಲ್ಲ; ಅದರ ಮಸಿ ಕರಗಿ ಅಂಟುವುದಿಲ್ಲ.

ಗಣಕಯಂತ್ರವಿಲ್ಲದವರು ನಿರಾಶರಾಗಬೇಕಿಲ್ಲ. ಫಲಕವನ್ನು ಎರಡರಷ್ಟು ದೊಡ್ಡದಾಗಿ, ದುಂಡಗಿನ ಅಕ್ಷರದಲ್ಲಿ ಕೈಯಿಂದಲೇ ಬರೆದು, ಜೆರಾಕ್ಸ್ ಅಂಗಡಿಯಲ್ಲಿ ಅರ್ಧಕ್ಕೆ ಇಳಿಸಿಕೊಡಲು ಹೇಳಿ. ಕೈಬರಹದ ಓರೆಕೋರೆಗಳೂ ಅರ್ಧಕ್ಕೆ ಇಳಿದು, ಅಕ್ಷರ ಮುದ್ದಾಗಿ ಕಾಣುತ್ತದೆ.

ಮರೆಯಬಾರದ ಮಾತುಗಳು

ತಗಡಿಗೆ ಬಣ್ಣ, ವಾರ್ನಿಷು ಅಥವಾ ಅನೊಡೈಸ್ ಲೇಪವಿದ್ದರೆ ಅದರ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಅರ್ತ್ ತಂತಿ ಕೂಡುವ ಜಾಗದಲ್ಲಿ ಲೇಪವನ್ನು ಕೆರೆದು ಹೊಳೆಯುವ ಲೋಹವನ್ನು ಕಾಣಿಸಿ, ತಂತಿಯನ್ನು ಬಿಗಿಯಾಗಿ ಕೂಡಿಸತಕ್ಕದ್ದು. ಅಂದವಾದ ಫಲಕದ ಹಿಂದೆ ಅರ್ತ್ ಸಡಿಲವಾಗಿದ್ದರೆ, ಮುಟ್ಟಿದವರ ಪ್ರಾಣಕ್ಕೇ ಅಪಾಯ.

ಹಿಂಭಾಗದಲ್ಲಿಯೂ ಅಕ್ಷರ ಬೇಕು. ಫ್ಯೂಸು ಎಷ್ಟು ಆಂಪಿಯರಿನದು, ಸ್ಪೀಕರು ಎಷ್ಟು ಓಮಿನದು ಎಂಬುದನ್ನು ಅದರದರ ಬಳಿಯಲ್ಲಿಯೇ ಬರೆಯಿರಿ. ‘ಒಳಗೆ ೨೩೦ ವೋಲ್ಟ್ ಇದೆ; ಪ್ಲಗ್ ತೆಗೆದು ಮುಚ್ಚಳ ಬಿಚ್ಚಿರಿ’ ಎಂಬ ಎಚ್ಚರಿಕೆಯನ್ನು ಮಾತ್ರ ಕನ್ನಡದ ಜೊತೆಗೆ ನಾವಿರುವ ಊರಿನ ಭಾಷೆಯಲ್ಲಿಯೂ ಬರೆಯುವುದು ನಮ್ಮ ಕರ್ತವ್ಯ. ದುರಸ್ತಿಗೆ ಬರುವ ಮಿಸ್ತ್ರಿ ಕನ್ನಡ ಓದಬೇಕೆಂದೇನೂ ಇಲ್ಲವಲ್ಲ. ಮುಚ್ಚಳದ ಒಳಬದಿಗೆ ಯಂತ್ರದ ಸರ್ಕ್ಯೂಟ್ ನಕ್ಷೆಯ ಒಂದು ಪ್ರತಿಯನ್ನೂ, ಕಟ್ಟಿದ ವರ್ಷವನ್ನೂ ಅಂಟಿಸಿಡಿ. ಆ ಒಂದು ಹಾಳೆ ಇದ್ದಿದ್ದರೆ ನನ್ನ ಮೂರು ಭಾನುವಾರಗಳು ಉಳಿಯುತ್ತಿದ್ದವು.

ನಮ್ಮ ಆಂಪ್ಲಿಫಯರ್ ಈಗ ತನ್ನ ಕಪಾಟಿಗೆ ಮರಳಿದೆ. ಕಳೆದ ಪುರಂದರದಾಸರ ಆರಾಧನೆಯಂದು ಅದರ ಪಕ್ಕದಲ್ಲಿ ಕುಳಿತಿದ್ದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಯಂತ್ರವನ್ನು ಅವಳು ಹಿಂದೆಂದೂ ಮುಟ್ಟಿರಲಿಲ್ಲ. ಹಾಡುವವರೊಬ್ಬರು, “ತಂಗಿ, ನನ್ನ ಮೈಕು ಸ್ವಲ್ಪ ಏರಿಸಮ್ಮ” ಎಂದರು. ಅವಳು ‘ಮೈಕ್ ೨’ ಎಂದು ಓದಿ, ೪ರಲ್ಲಿದ್ದುದನ್ನು ೬ಕ್ಕೆ ತಿರುವಿದಳು. ಕಾರ್ಯಕ್ರಮ ಮುಂದುವರಿಯಿತು, ಹಿಂದಿನ ಸಾಲಿನವರಿಗೂ ಪದಗಳೆಲ್ಲ ಕೇಳಿಸಿದವು. ಯಂತ್ರದ ಹಿಂಭಾಗದಲ್ಲಿ, ಫ್ಯೂಸಿನ ಪಕ್ಕದಲ್ಲಿ, ಅದನ್ನು ಕಟ್ಟಿಕೊಟ್ಟ ಹಿರಿಯರ ಹೆಸರನ್ನೂ ಬರೆದಿದ್ದೇನೆ.

ಆ ಫಲಕದ ಅಳತೆಯ ಹಾಳೆಯನ್ನು ವಾಚನಾಲಯದ ಕಡತದಲ್ಲಿ ಇಟ್ಟಿದೆ. ಮನೆಯಲ್ಲಿ ಹೆಸರಿಲ್ಲದ ಪೆಟ್ಟಿಗೆಯನ್ನು ಇಟ್ಟುಕೊಂಡಿರುವ ಸದಸ್ಯರು ಅದನ್ನು ನೋಡಿ ಪ್ರತಿ ಮಾಡಿಕೊಳ್ಳಬಹುದು.